ಸಹನೆಯ ಪಾಠ ಯಾರಿಗೆ?

ರಮಝಾನ್‌ನ ಕೊನೆಯ ಹತ್ತು ರಾತ್ರಿಗಳಲ್ಲಿ ನಮ್ಮ ಪಟ್ಟಣಗಳ ಜವುಳಿ ಮಳಿಗೆಗಳನ್ನು ಒಮ್ಮೆ ಗಮನಿಸಿ ನೋಡಬೇಕು. ತರಾವೀಹ್ ಮುಗಿಸಿ ಬಂದ ಕುಟುಂಬಗಳಿಂದ ಅವು ತುಂಬಿ ತುಳುಕುತ್ತಿರುತ್ತವೆ. ಕೌಂಟರಿನ ಆಚೆ ಬದಿಯಲ್ಲಿ ಇಪ್ಪತ್ತರ ಹರೆಯದ ಓರ್ವ ಯುವತಿ ನಿಂತಿರುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ನಿಂತವಳು ರಾತ್ರಿ ಹನ್ನೊಂದಾದರೂ ನಿಂತೇ ಇರುತ್ತಾಳೆ. ಅನೇಕ ಬಾರಿ ಅವಳಿಗೂ ಉಪವಾಸವಿರುತ್ತದೆ. ಬಟ್ಟೆಯ ಕಟ್ಟುಗಳ ಮರೆಯಲ್ಲಿ ಒಂದು ಖರ್ಜೂರ, ಒಂದು ಲೋಟ ನೀರಿನಲ್ಲಿ ಅವಳ ಇಫ್ತಾರ್ ಮುಗಿದಿರುತ್ತದೆ. ನಾವು ಒಂದರ ಮೇಲೊಂದರಂತೆ ನಲ್ವತ್ತು ಚೂಡಿದಾರ್‌ಗಳನ್ನು ಬಿಡಿಸಿ ನೋಡುತ್ತೇವೆ. ಒಂದರ ಬಣ್ಣ ಸರಿಯಿಲ್ಲ, ಇನ್ನೊಂದರ ಅಂಚು ಸರಿಯಿಲ್ಲ, ಮತ್ತೊಂದರ ಬೆಲೆ ಹೆಚ್ಚಾಯಿತು. ಅವಳು ಸ್ವಲ್ಪ ತಡ ಮಾಡಿದರೆ, 'ಗಿರಾಕಿಗಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಿಲ್ಲವೇ?' ಎಂದು ಗದರುತ್ತೇವೆ. ಮಾಲಕರನ್ನು ಕರೆಯುತ್ತೇವೆ. ಮಾಲಕರು ನಮ್ಮೆದುರೇ ಅವಳನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ.

ಆಗ ಅವಳು ಏನು ಮಾಡುತ್ತಾಳೆ? ನಗುತ್ತಾಳೆ. 'ಸಾರಿ ಮೇಡಂ, ಬೇರೆ ತೋರಿಸುತ್ತೇನೆ' ಅನ್ನುತ್ತಾಳೆ. ನಾವು ಚೀಲಗಳನ್ನು ಹಿಡಿದು ಹೊರಬರುತ್ತೇವೆ. ಅವಳು ನಲ್ವತ್ತು ಚೂಡಿದಾರ್‌ಗಳನ್ನು ಮತ್ತೆ ಮಡಚತೊಡಗುತ್ತಾಳೆ.

ಬಟ್ಟೆ ಬಿಡಿಸಿದ್ದಕ್ಕೆ, ಮಡಚಿದ್ದಕ್ಕೆ, ನಿಂತದ್ದಕ್ಕೆ ಅವಳಿಗೆ ಸಂಬಳವಿದೆ. ಆದರೆ ಆ ನಗುವಿಗೆ? ಗಂಟಲಿನವರೆಗೆ ಬಂದ ಅಳುವನ್ನು ನುಂಗಿ, ಮುಖದ ಮೇಲೆ ಎಳೆದು ತಂದ ಆ ನಗು ಕೂಡ ಒಂದು ದುಡಿಮೆಯಲ್ಲವೇ? ಮೂಟೆ ಹೊತ್ತವನ ಬೆನ್ನು ನೋಯುತ್ತದೆಂದು ನಮಗೆ ಗೊತ್ತು. ಆದರೆ ದಿನವಿಡೀ ಇತರರ ಕೋಪವನ್ನು ಹೊತ್ತವರಿಗೆ ಎಲ್ಲಿ ನೋಯುತ್ತದೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಈ ದುಡಿಮೆಗೆ ಒಂದು ಹೆಸರು ಸಿಕ್ಕಿ ನಾಲ್ಕು ದಶಕಗಳೇ ಕಳೆದಿವೆ. ಅಮೇರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು 1983ರಲ್ಲಿ 'ದಿ ಮ್ಯಾನೇಜ್ಡ್ ಹಾರ್ಟ್' ಎಂಬ ಕೃತಿಯನ್ನು ಪ್ರಕಟಿಸಿದರು. ವಿಮಾನದ ಗಗನಸಖಿಯರನ್ನೂ ಬಾಕಿ ಸಾಲ ವಸೂಲಿ ಮಾಡುವ ನೌಕರರನ್ನೂ ಅವರು ಅದರಲ್ಲಿ ಅಧ್ಯಯನಕ್ಕೆ ಒಳಪಡಿಸಿದ್ದರು. ಒಬ್ಬರ ಕೆಲಸ ನಗುವುದು, ಇನ್ನೊಬ್ಬರ ಕೆಲಸ ಸಿಡುಕುವುದು. ಎರಡೂ ಸಂಬಳಕ್ಕಾಗಿ. ಪ್ರಯಾಣಿಕ ಎಷ್ಟೇ ಒರಟಾಗಿ ನಡೆದುಕೊಂಡರೂ ಅವನನ್ನು ಮನೆಗೆ ಬಂದ ಅತಿಥಿಯೆಂದು ಭಾವಿಸಬೇಕೆಂದು ಗಗನಸಖಿಯರಿಗೆ ತರಬೇತಿಯಲ್ಲಿ ಕಲಿಸಲಾಗುತ್ತಿತ್ತು. ಉದ್ಯೋಗದ ಭಾಗವಾಗಿ ತನ್ನ ಭಾವನೆಯನ್ನು ಅದುಮುವ ಅಥವಾ ಇಲ್ಲದ ಭಾವನೆಯನ್ನು ತಂದುಕೊಳ್ಳುವ ಈ ಶ್ರಮವನ್ನು ಅವರು ಭಾವನಾತ್ಮಕ ದುಡಿಮೆ ಎಂದು ಕರೆದರು. ಅದರಲ್ಲಿ ಎರಡು ವಿಧಗಳನ್ನೂ ಗುರುತಿಸಿದರು. ಒಂದು, ಒಳಗೆ ಕುದಿಯುತ್ತಿದ್ದರೂ ಮುಖದಲ್ಲಿ ಮಾತ್ರ ನಗುವುದು. ಇನ್ನೊಂದು, ಒಳಗಿನ ಭಾವನೆಯನ್ನೇ ಬದಲಾಯಿಸಿಕೊಳ್ಳಲು ಹೆಣಗುವುದು. ಮೊದಲನೆಯದರಲ್ಲಿ ಮನುಷ್ಯನಿಗೆ ತಾನೊಬ್ಬ ನಟನೆಂದು ಅನಿಸತೊಡಗುತ್ತದೆ. ಎರಡನೆಯದರಲ್ಲಿ ತನ್ನ ನಿಜವಾದ ಭಾವನೆ ಯಾವುದೆಂದೇ ಅವನಿಗೆ ಮರೆತುಹೋಗುವ ಅಪಾಯವಿದೆ.

ಇದು ಅಮೇರಿಕದ ವಿಮಾನದೊಳಗಿನ ಕತೆ, ನಮಗೇಕೆ ಎಂದು ಯಾರಾದರೂ ಕೇಳಬಹುದು. ನಿಜವಾಗಿ, ಇದು ನಮ್ಮ ಮನೆಯೊಳಗಿನ ಕತೆ. ನಮ್ಮ ಮಕ್ಕಳು ಇಂದು ಎಲ್ಲೆಲ್ಲಿ ದುಡಿಯುತ್ತಿದ್ದಾರೆಂದು ಲೆಕ್ಕ ಹಾಕಿ. ಮೊಬೈಲ್ ಅಂಗಡಿಗಳಲ್ಲಿ, ಚಪ್ಪಲಿ ಅಂಗಡಿಗಳಲ್ಲಿ, ಮಾಲ್‌ಗಳಲ್ಲಿ, ಖಾಸಗಿ ಆಸ್ಪತ್ರೆಗಳ ರಿಸೆಪ್ಷನ್‌ಗಳಲ್ಲಿ, ಕಾಲ್ ಸೆಂಟರ್‌ಗಳಲ್ಲಿ, ಆಂಗ್ಲ ಮಾಧ್ಯಮ ಶಾಲೆಗಳಲ್ಲಿ, ಆಟೋಗಳಲ್ಲಿ, ಮನೆಮನೆಗೆ ಊಟ ತಲುಪಿಸುವ ಬೈಕುಗಳಲ್ಲಿ, ಗಲ್ಫ್‌ನ ಸೂಪರ್ ಮಾರ್ಕೆಟ್‌ಗಳಲ್ಲಿ. ಇವೆಲ್ಲ ಜನರ ಮುಖ ನೋಡಿ ಮಾಡುವ ಉದ್ಯೋಗಗಳು. ಹಿಂದಿನ ತಲೆಮಾರು ಬೀಡಿ ಕಟ್ಟಿತು, ಮರ ಕೊಯ್ದಿತು, ಮೀನು ಮಾರಿತು. ಅವರ ಶ್ರಮ ಕೈಯಲ್ಲಿ ಕಾಣುತ್ತಿತ್ತು. ಈಗಿನ ತಲೆಮಾರು ಮುಖವನ್ನು ಬಂಡವಾಳವಾಗಿಸಿ ದುಡಿಯುತ್ತಿದೆ. ಅದರ ಗಾಯ ಹೊರಗೆ ಕಾಣುವುದಿಲ್ಲ.

ಕಾಣದ ಗಾಯಗಳು ಎಲ್ಲಿ ಒಡೆಯುತ್ತವೆ? ಮನೆಯಲ್ಲಿ. ಹಗಲಿಡೀ ಗಿರಾಕಿಗಳ ಮುಂದೆ ವಿನಯದ ಮೂರ್ತಿಯಾಗಿದ್ದ ಮಗ ರಾತ್ರಿ ತಾಯಿಯೊಂದಿಗೆ ಎರಡು ಮಾತಾಡಲೂ ಸಿದ್ಧನಿರುವುದಿಲ್ಲ. ರೋಗಿಗಳ ಸಂಬಂಧಿಕರ ಬೈಗುಳವನ್ನೆಲ್ಲ ಕೇಳಿಸಿಕೊಂಡ ನರ್ಸ್ ಮನೆಗೆ ಬಂದು ಮಗುವಿನ ಬೆನ್ನಿಗೆ ಬಾರಿಸುತ್ತಾಳೆ. ಮ್ಯಾನೇಜರನ ಕೋಪ ಗಂಡನ ಮೂಲಕ ಹೆಂಡತಿಯನ್ನೂ, ಹೆಂಡತಿಯ ಮೂಲಕ ಮಕ್ಕಳನ್ನೂ ತಲುಪುತ್ತದೆ. ಗಲ್ಫ್‌ನಲ್ಲಿರುವವನ ಪಾಡು ಇನ್ನೂ ವಿಚಿತ್ರ. ಹಗಲು ಅಂಗಡಿಯಲ್ಲಿ ನಗಬೇಕು. ರಾತ್ರಿ ವೀಡಿಯೋ ಕಾಲ್‌ನಲ್ಲಿ, 'ಇಲ್ಲಿ ಎಲ್ಲ ಸುಖ' ಎಂದು ಮತ್ತೊಮ್ಮೆ ನಗಬೇಕು. ನಮ್ಮ ಜಮಾಅತ್‌ಗಳ ಮುಂದೆ ಬರುವ ದಾಂಪತ್ಯ ಕಲಹಗಳಲ್ಲಿ ನಾವು ಗಂಡನ ತಪ್ಪನ್ನೂ ಹೆಂಡತಿಯ ತಪ್ಪನ್ನೂ ಹುಡುಕುತ್ತೇವೆ. ಆ ಮನೆಯೊಳಗೆ ದಿನವೂ ಹೊತ್ತು ತರಲಾಗುವ ಕಚೇರಿಯ ಕೋಪವನ್ನು ಮಾತ್ರ ಯಾರೂ ವಿಚಾರಣೆಗೆ ಕರೆಯುವುದಿಲ್ಲ.

ಮುಸ್ಲಿಮ್ ಉದ್ಯೋಗಿಗೆ ಇದರ ಜೊತೆ ಇನ್ನೊಂದು ಹೆಚ್ಚುವರಿ ಪಾಳಿಯೂ ಇದೆ. ಎಲ್ಲರೂ ನಗುವಲ್ಲಿ ಅವನು ಸ್ವಲ್ಪ ಹೆಚ್ಚೇ ನಗಬೇಕು. ಎಲ್ಲರೂ ಸಿಟ್ಟಾಗುವಲ್ಲಿ ಅವನು ಸಿಟ್ಟಾಗಬಾರದು. ಏಕೆಂದರೆ ಇತರರ ಕೋಪ ವೈಯಕ್ತಿಕವೆನಿಸಿದರೆ, ಅವನ ಕೋಪ ಧರ್ಮದ ಲೆಕ್ಕಕ್ಕೆ ಜಮೆಯಾಗುತ್ತದೆ. 2019ರ ಜುಲೈಯಲ್ಲಿ ಮಧ್ಯಪ್ರದೇಶದ ಜಬಲ್ಪುರದಲ್ಲಿ, ಊಟ ತರುವ ಯುವಕ ಹಿಂದೂವಲ್ಲ ಎಂಬ ಕಾರಣಕ್ಕೆ ಗಿರಾಕಿಯೊಬ್ಬರು ಆರ್ಡರ್ ರದ್ದುಪಡಿಸಿದ್ದು ದೇಶವ್ಯಾಪಿ ಚರ್ಚೆಯಾಯಿತು. ಆಹಾರಕ್ಕೆ ಧರ್ಮವಿಲ್ಲ ಎಂದು ಝೊಮ್ಯಾಟೊ ಕಂಪೆನಿ ಅಂದು ಬಹಿರಂಗವಾಗಿಯೇ ಉತ್ತರಿಸಿತು. ಅದು ಒಳ್ಳೆಯ ಮಾತು. ಆದರೆ ಚರ್ಚೆ ಮುಗಿದ ಮರುದಿನ ಇಂಥ ಯುವಕರು ಮತ್ತೆ ಯಾರದೋ ಬಾಗಿಲು ತಟ್ಟಲೇಬೇಕು, ನಗಲೇಬೇಕು. 2020ರ ಏಪ್ರಿಲ್‌ನಲ್ಲಿ ಕೊರೋನಾವನ್ನು ಒಂದು ಸಮುದಾಯದ ತಲೆಗೆ ಕಟ್ಟಲಾದಾಗ, ತರಕಾರಿ ಗಾಡಿ ತಳ್ಳುವವನಿಂದ ಹಿಡಿದು ಐಟಿ ಕಂಪೆನಿಯ ಇಂಜಿನಿಯರ್‌ವರೆಗೆ ಎಷ್ಟು ಮಂದಿ ಏನೂ ಕೇಳಿಸದವರಂತೆ ಕೆಲಸ ಮಾಡಿದರು! 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಕೆಲವು ಶಾಲೆಗಳ ಗೇಟಿನ ಮುಂದೆ ಶಿಕ್ಷಕಿಯರು ಬುರ್ಖಾ ಕಳಚುವ ದೃಶ್ಯವನ್ನು ಟಿ.ವಿ. ಕ್ಯಾಮರಾಗಳು ತೋರಿಸಿದುವು. ಕ್ಯಾಮರಾಗಳು ಅಲ್ಲಿಗೆ ನಿಂತುವು. ಆ ಶಿಕ್ಷಕಿಯರು ಒಳಗೆ ಹೋದರು. ಹೋಗಿ, ಮಕ್ಕಳ ಮುಂದೆ ಎಂದಿನ ಮುಖದೊಂದಿಗೆ ಪಾಠ ಮಾಡಬೇಕಿತ್ತು. ಆ ಒಂದು ಗಂಟೆಯ ಪಾಠದ ಹಿಂದಿನ ಶ್ರಮವನ್ನು ಯಾವ ವೇತನ ಆಯೋಗ ಅಳೆದೀತು?

ಇವೆಲ್ಲವೂ ಇತರರು ನಮಗೆ ಮಾಡುವ ಅನ್ಯಾಯ. ಇದನ್ನು ಹೇಳುವುದು ಸುಲಭ, ಹೇಳಲೇಬೇಕು ಕೂಡ. ಆದರೆ ನಾವು ಇನ್ನೊಬ್ಬರಿಗೆ ಮಾಡುವುದೇನು? ನಮ್ಮ ವೇದಿಕೆಗಳಿಂದ, ಖುತ್ಬಾಗಳಿಂದ ಸಹನೆಯ ಬಗ್ಗೆ ನಾವು ಸಾಕಷ್ಟು ಹೇಳುತ್ತಾ ಬಂದಿದ್ದೇವೆ. ಕೋಪ ನುಂಗುವವರಿಗೆ ಸಿಗುವ ಪ್ರತಿಫಲವನ್ನು ವರ್ಣಿಸಿದ್ದೇವೆ. ಸಹನೆಯ ಈ ಪಾಠವನ್ನು ಪ್ರಾಯೋಗಿಕವಾಗಿ ಯಾರಿಂದ ನಿರೀಕ್ಷಿಸುತ್ತೇವೆ ಎಂದು ಆಲೋಚಿಸಿದರೆ ಉತ್ತರ ನಾಚಿಕೆ ತರಿಸುತ್ತದೆ. ಸೊಸೆಯಿಂದ, ಕೆಲಸದಾಕೆಯಿಂದ, ಅಂಗಡಿಯ ಹುಡುಗನಿಂದ, ಮದ್ರಸದ ಅಧ್ಯಾಪಕರಿಂದ. ಅತ್ತೆ, ಯಜಮಾನ, ಮಾಲಕ, ಅಧ್ಯಕ್ಷ ಇವರಾರೂ ಆ ಪಾಠದ ವಿದ್ಯಾರ್ಥಿಗಳಲ್ಲ. 'ಸ್ವಲ್ಪ ಸಬ್ರ್ ಮಾಡು' ಎಂಬ ಮಾತು ನಮ್ಮಲ್ಲಿ ಯಾವಾಗಲೂ ಮೇಲಿನಿಂದ ಕೆಳಗೆ ಇಳಿಯುತ್ತದೆ.

ಇಸ್ಲಾಮ್ ಇದನ್ನು ಹೀಗೆ ಕಲಿಸಿದೆಯೇ? ಪವಿತ್ರ ಕುರ್‌ಆನಿನ 3ನೇ ಅಧ್ಯಾಯದ 134ನೇ ಸೂಕ್ತವು ಕೋಪವನ್ನು ನುಂಗಿಕೊಳ್ಳುವವರನ್ನೂ ಜನರನ್ನು ಕ್ಷಮಿಸುವವರನ್ನೂ ಪ್ರಶಂಸಿಸಿದೆ. ಆದರೆ ಆ ಗುಣಗಳಿಗಿಂತ ಮೊದಲು ಅದು ಹೇಳಿರುವುದು, ಸುಸ್ಥಿತಿಯಲ್ಲೂ ಸಂಕಷ್ಟದಲ್ಲೂ ಖರ್ಚು ಮಾಡುವವರ ಬಗ್ಗೆ. ಖರ್ಚು ಮಾಡುವುದಕ್ಕೆ ಕೈಯಲ್ಲಿ ಏನಾದರೂ ಇರಬೇಕು. ಕ್ಷಮಿಸುವುದಕ್ಕೆ ಶಿಕ್ಷಿಸುವ ಸಾಮರ್ಥ್ಯವಿರಬೇಕು. ಕೋಪ ನುಂಗುವವರ ಶ್ರೇಷ್ಠತೆಯನ್ನು ವಿವರಿಸುವ ಪ್ರವಾದಿ ಮುಹಮ್ಮದ್(ಸ)ರ ಒಂದು ವಚನವು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಅದರಲ್ಲಿ ಒಂದು ಷರತ್ತನ್ನೂ ಸೇರಿಸಲಾಗಿದೆ: ಆ ಕೋಪವನ್ನು ಜಾರಿಗೊಳಿಸುವ ಶಕ್ತಿ ಇದ್ದೂ ನುಂಗಿದವನು. ಈ ಷರತ್ತನ್ನು ನಾವು ಅದೆಷ್ಟು ಸಲೀಸಾಗಿ ಮರೆತುಬಿಟ್ಟಿದ್ದೇವೆ! ಮಾಲಕನು ನೌಕರನ ತಪ್ಪನ್ನು ಕಂಡೂ ಸುಮ್ಮನಿದ್ದರೆ ಅದು ಆ ವಚನದ ಸಹನೆ. ಬಾಯಿ ತೆರೆದರೆ ನಾಳೆ ಕೆಲಸವಿರುವುದಿಲ್ಲ ಎಂಬ ಭಯದಿಂದ ನೌಕರ ಸುಮ್ಮನಿದ್ದರೆ ಅದು ನಿರ್ಬಂಧ. ಅವನ ತಾಳ್ಮೆಗೂ ಅಲ್ಲಾಹನು ಪ್ರತಿಫಲ ಕೊಟ್ಟಾನು. ಆದರೆ ಆ ಪ್ರತಿಫಲವನ್ನು ತೋರಿಸಿ ಅವನ ಬಾಯಿ ಮುಚ್ಚಿಸುವ ಹಕ್ಕು ನಮಗಿಲ್ಲ.

ಸೇವಕರು ನಿಮ್ಮ ಸಹೋದರರು, ನೀವು ತಿನ್ನುವುದನ್ನೇ ಅವರಿಗೆ ತಿನ್ನಿಸಿ, ಶಕ್ತಿ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬರ್ಥದ ಪ್ರಸಿದ್ಧ ಹದೀಸ್ ನಮಗೆಲ್ಲ ಗೊತ್ತು. ಕಾರ್ಮಿಕರ ಹಕ್ಕುಗಳ ಬಗ್ಗೆ ಭಾಷಣ ಮಾಡುವಾಗ ನಾವು ಅದನ್ನು ಉಲ್ಲೇಖಿಸದೇ ಇರುವುದಿಲ್ಲ. ಅದು ಯಾವ ಸಂದರ್ಭದಲ್ಲಿ ಬಂತು? ಸಂಬಳ ಬಾಕಿಯಾದಾಗಲ್ಲ, ಹೊಡೆದಾಗಲೂ ಅಲ್ಲ. ಹ. ಅಬೂದರ್ರ್(ರ) ಅವರು ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಂಗಿಸಿದ್ದರು. ಒಂದೇ ಒಂದು ಚುಚ್ಚು ಮಾತು. ಪ್ರವಾದಿ(ಸ) ಅದನ್ನು ಅಜ್ಞಾನ ಕಾಲದ ಗುಣವೆಂದು ಕರೆದರು, ಮತ್ತು ಅದರ ಬೆನ್ನಿಗೇ ಈ ಮಹಾ ನಿಯಮವನ್ನು ನೀಡಿದರು. ಅಂದರೆ, ಅನ್ನ ಮತ್ತು ಬಟ್ಟೆಯ ಹಕ್ಕನ್ನು ಸಾರುವ ಆ ವಚನದ ಮೂಲದಲ್ಲಿರುವುದು ಒಂದು ಮನಸ್ಸಿಗಾದ ನೋವು. ಇಂದು ನಮ್ಮ ಎಷ್ಟು ಅಂಗಡಿಗಳಲ್ಲಿ, ಎಷ್ಟು ವರ್ಕ್‌ಶಾಪ್‌ಗಳಲ್ಲಿ ಹುಡುಗರನ್ನು ತಾಯಿಯ ಹೆಸರೆತ್ತದೇ ಕರೆಯಲಾಗುತ್ತಿದೆ?

ಕುರ್‌ಆನಿನ 80ನೇ ಅಧ್ಯಾಯವನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ಪ್ರವಾದಿ(ಸ) ಕುರೈಷ್ ಮುಖಂಡರೊಂದಿಗೆ ಮಾತುಕತೆಯಲ್ಲಿದ್ದಾಗ ಅಂಧರಾದ ಅಬ್ದುಲ್ಲಾಹ್ ಇಬ್ನು ಉಮ್ಮು ಮಕ್ತೂಮ್(ರ) ನಡುವೆ ಬಂದರು. ಪ್ರವಾದಿಯವರ ಮುಖದಲ್ಲಿ ಅಸಮಾಧಾನದ ಗೆರೆ ಮೂಡಿತು. ಅಂಧ ವ್ಯಕ್ತಿಗೆ ಅದು ಕಾಣಿಸಿರುವ ಸಾಧ್ಯತೆಯೇ ಇರಲಿಲ್ಲ. ಆದರೂ ಅಲ್ಲಾಹನು ಅದನ್ನು ಆಕ್ಷೇಪಿಸಿದನು. ಎದುರಿಗಿದ್ದವರು ಕಾಣದ ಗಂಟುಮುಖವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಧರ್ಮ ನಮ್ಮದು. ಹೀಗಿರುವಾಗ, ಪ್ರಭಾವಿ ಗಿರಾಕಿಗೆ ನಗುಮುಖ, ನೌಕರನಿಗೆ ಗಂಟುಮುಖ ತೋರಿಸುವ ನಮ್ಮ ವ್ಯವಹಾರವನ್ನು ನಾವು ಯಾವ ಧರ್ಮದ ಹೆಸರಿನಲ್ಲಿ ಸಮರ್ಥಿಸುತ್ತೇವೆ? ಹ. ಅನಸ್(ರ) ಅವರು ಹತ್ತು ವರ್ಷಗಳ ಕಾಲ ಪ್ರವಾದಿ(ಸ)ರ ಸೇವೆ ಮಾಡಿದರು. ಆ ಹತ್ತು ವರ್ಷಗಳಲ್ಲಿ ಒಮ್ಮೆಯೂ ತನ್ನ ಮೇಲೆ ಬೇಸರದ ಒಂದು ಉದ್ಗಾರವನ್ನೂ ಅವರು ಹೊರಡಿಸಲಿಲ್ಲವೆಂದು ಅನಸ್ ಸಾಕ್ಷಿ ನುಡಿದಿದ್ದಾರೆ. ಅಲ್ಲಿ ಭಾವನೆಯನ್ನು ನಿಯಂತ್ರಿಸಿದವರು ಯಾರು? ಸೇವಕನಲ್ಲ, ಯಜಮಾನ. ಭಾವನಾತ್ಮಕ ದುಡಿಮೆಯ ಭಾರವನ್ನು ಪ್ರವಾದಿ(ಸ) ತನ್ನ ಹೆಗಲ ಮೇಲೆ ಹೊತ್ತುಕೊಂಡರು. ನಾವು ಅದನ್ನು ಹುಡುಗರ ಹೆಗಲಿಗೆ ದಾಟಿಸಿದೆವು.

ಕೋಪ ಬಂದಾಗ ಏನು ಮಾಡಬೇಕು? ನಿಂತಿದ್ದರೆ ಕುಳಿತುಕೊಳ್ಳಬೇಕು, ಅದರಿಂದಲೂ ಇಳಿಯದಿದ್ದರೆ ಮಲಗಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಎಷ್ಟು ಸರಳವಾದ ಔಷಧ! ಆದರೆ ನಮ್ಮ ಜವುಳಿ ಮಳಿಗೆಯ ಆ ಯುವತಿ ಈ ಔಷಧವನ್ನು ಹೇಗೆ ಸೇವಿಸಬೇಕು? ಅವಳಿಗೆ ಕುಳಿತುಕೊಳ್ಳಲು ಒಂದು ಸ್ಟೂಲ್ ಕೂಡಾ ಇಲ್ಲವಲ್ಲ!

ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಈ ಸ್ಟೂಲ್‌ಗಾಗಿಯೇ ಒಂದು ಹೋರಾಟ ನಡೆಯಿತು. ಅಲ್ಲಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಮಹಿಳೆಯರಿಗೆ ಕುಳಿತುಕೊಳ್ಳಲು ಅವಕಾಶವಿರಲಿಲ್ಲ, ಶೌಚಾಲಯವೂ ಇರಲಿಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು. ಹೊಲಿಗೆ ವೃತ್ತಿಯ ವಿಜಿ ಎಂಬ ಮಹಿಳೆ 'ಪೆಣ್‌ಕೂಟ್' ಎಂಬ ಸಂಘಟನೆಯ ಮೂಲಕ ಅವರನ್ನು ಒಗ್ಗೂಡಿಸಿದರು. ವರ್ಷಗಳ ಹೋರಾಟದ ಬಳಿಕ, 2018ರಲ್ಲಿ ಕೇರಳ ಸರಕಾರವು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ನೀಡಿತು. 2021ರಲ್ಲಿ ತಮಿಳುನಾಡು ಕೂಡಾ ಅದೇ ಹಾದಿ ಹಿಡಿಯಿತು. ಮನುಷ್ಯನಿಗೆ ಕುಳಿತುಕೊಳ್ಳಲು ಕಾನೂನು ಬೇಕಾಯಿತೆಂಬುದೇ ಒಂದು ದುರಂತ. ಪ್ರವಾದಿಯವರ ವಚನವನ್ನು ಓದಿದ ಮಾಲಕರೂ ಆ ಕಾನೂನಿಗಾಗಿ ಕಾಯುವುದು ಅದಕ್ಕಿಂತ ದೊಡ್ಡ ದುರಂತ.

ಮನಸ್ಸಿನ ಗಾಯವನ್ನೂ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ತಂದ ದೇಶಗಳಿವೆ. ದಕ್ಷಿಣ ಕೊರಿಯದ ವಿಮಾನ ಸಂಸ್ಥೆಯೊಂದರ ಅಧ್ಯಕ್ಷರ ಮಗಳು 2014ರ ಡಿಸೆಂಬರ್‌ನಲ್ಲಿ, ಬೀಜಗಳನ್ನು ತಟ್ಟೆಯಲ್ಲಿ ಕೊಡದೆ ಪೊಟ್ಟಣದಲ್ಲೇ ಕೊಟ್ಟರೆಂಬ ಕಾರಣಕ್ಕೆ ಸಿಬಂದಿಯನ್ನು ನಿಂದಿಸಿ, ಚಲಿಸತೊಡಗಿದ್ದ ವಿಮಾನವನ್ನೇ ಹಿಂದಕ್ಕೆ ತಿರುಗಿಸಿದ್ದರು. ಸೇವಾ ಕ್ಷೇತ್ರದ ನೌಕರರ ಅವಮಾನವು ಆ ದೇಶದಲ್ಲಿ ದೊಡ್ಡ ಚರ್ಚೆಯಾಗಲು ಇಂಥ ಘಟನೆಗಳು ಕಾರಣವಾದುವು. 2018ರ ಅಕ್ಟೋಬರ್‌ನಿಂದ ಅಲ್ಲಿ ಜಾರಿಯಾದ ಕಾನೂನಿನ ಪ್ರಕಾರ, ಗಿರಾಕಿಗಳ ನಿಂದನೆಯಿಂದ ನೌಕರರನ್ನು ರಕ್ಷಿಸುವುದು ಮಾಲಕರ ಹೊಣೆ. ನಿಂದನೆಗೆ ಒಳಗಾದ ನೌಕರನಿಗೆ ಕೆಲಸ ನಿಲ್ಲಿಸಿ ವಿಶ್ರಾಂತಿ ಪಡೆಯುವ ಅವಕಾಶ ನೀಡಬೇಕು. ಜಪಾನಿನ ಟೋಕಿಯೋ ಆಡಳಿತವೂ ಗಿರಾಕಿಗಳ ದೌರ್ಜನ್ಯದ ವಿರುದ್ಧ ರೂಪಿಸಿದ ನಿಯಮವನ್ನು 2025ರ ಏಪ್ರಿಲ್‌ನಿಂದ ಜಾರಿಗೊಳಿಸಿತು. 'ಗಿರಾಕಿಯೇ ದೇವರು' ಎಂಬ ವ್ಯಾಪಾರದ ಘೋಷಣೆಯನ್ನು ಗಿರಾಕಿಗಳೇ ನಿಜವೆಂದು ನಂಬಿದರೆ ಏನಾಗುತ್ತದೆಂದು ಆ ಸಮಾಜಗಳು ಅನುಭವದಿಂದ ಕಲಿತವು. ಅಲ್ಲಾಹನ ಹೊರತು ಆರಾಧ್ಯರಿಲ್ಲ ಎಂದು ಸಾರುವ ನಾವಾದರೂ ಗಿರಾಕಿಯ ಸ್ಥಾನದಲ್ಲಿ ನಿಂತಾಗ ದೇವರಂತೆ ವರ್ತಿಸಬಾರದಲ್ಲವೇ?

ನಮ್ಮ ರಾಜ್ಯದಲ್ಲೂ ಆಶಾದಾಯಕ ಹೆಜ್ಜೆಯೊಂದಿದೆ. ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾನೂನು ರೂಪಿಸಿತು. ಸೂಕ್ತ ಕಾರಣವನ್ನು ಲಿಖಿತವಾಗಿ ತಿಳಿಸದೆ ಅವರನ್ನು ಏಕಾಏಕಿ ಕೆಲಸದಿಂದ ತೆಗೆಯುವುದಕ್ಕೆ ಅದು ತಡೆ ಒಡ್ಡಿದೆ. ನಾವು ಮೊಬೈಲ್‌ನಲ್ಲಿ ಬೆರಳಾಡಿಸಿ ಕೊಡುವ ನಕ್ಷತ್ರಗಳನ್ನು ಅವಲಂಬಿಸಿ ಬದುಕುವವರಿಗೆ ಇದು ಸಣ್ಣ ರಕ್ಷಣೆಯಲ್ಲ. ಮಳೆಯಲ್ಲಿ ನೆನೆದು ಐದು ನಿಮಿಷ ತಡವಾಗಿ ಬಂದವನಿಗೆ ಒಂದೇ ನಕ್ಷತ್ರ ಕೊಡುವಾಗ, ನಾವು ಒಬ್ಬನ ಅನ್ನದ ಬಗ್ಗೆ ತೀರ್ಪು ನೀಡುತ್ತಿದ್ದೇವೆಂಬ ಪ್ರಜ್ಞೆ ನಮ್ಮಲ್ಲಿರಬೇಕು. ತೀರ್ಪು ನೀಡುವವನಿಗೆ ಪರಲೋಕದಲ್ಲಿ ವಿಚಾರಣೆಯಿದೆ.

ಕಾನೂನುಗಳ ಮಾತು ಹಾಗಿರಲಿ. ನಮ್ಮದೇ ಕೈಯಲ್ಲಿರುವ ಸಂಸ್ಥೆಗಳ ಸ್ಥಿತಿ ಏನು? ಮಸೀದಿಯ ಇಮಾಮರನ್ನು ನೋಡಿ. ಮಹಲ್ಲಾದ ಪ್ರತಿ ಮನೆಯವರೊಂದಿಗೆ ಅವರು ನಗುತ್ತಾ ಮಾತಾಡಬೇಕು. ಮದುವೆಗೆ ಸಂತೋಷವನ್ನೂ ಮರಣಕ್ಕೆ ದುಃಖವನ್ನೂ ಒಂದೇ ದಿನ ಎರಡು ಮನೆಗಳಲ್ಲಿ ವ್ಯಕ್ತಪಡಿಸಬೇಕು. ಆಡಳಿತ ಸಮಿತಿಯ ಪ್ರತಿಯೊಬ್ಬ ಸದಸ್ಯನೂ ಅವರ ಯಜಮಾನ. ಖುತ್ಬಾ ಐದು ನಿಮಿಷ ಉದ್ದವಾದರೆ ದೂರು, ಚಿಕ್ಕದಾದರೆ ದೂರು. ಮುಅದ್ದಿನರು ಒಂದು ದಿನ ತಡ ಮಾಡಿದರೆ ಎಲ್ಲರೆದುರು ಗದರಿಕೆ. ಕುಟುಂಬವನ್ನು ದೂರದ ಊರಿನಲ್ಲಿ ಬಿಟ್ಟು, ಸಣ್ಣ ಸಂಬಳಕ್ಕೆ ದುಡಿಯುವ ಅವರಿಗೆ ದುಃಖವಾದರೆ ಹೇಳಿಕೊಳ್ಳಲು ಯಾರಿದ್ದಾರೆ? ಕಾರ್ಮಿಕನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸನ್ನು ಅವರು ಮಿಂಬರ್‌ನಿಂದ ವಿವರಿಸುತ್ತಾರೆ. ಅವರದೇ ಸಂಬಳ ಎರಡು ತಿಂಗಳು ಬಾಕಿಯಿರುತ್ತದೆ. ನಾವು ನಡೆಸುವ ಶಾಲೆಗಳ ಶಿಕ್ಷಕಿಯರ, ಆಸ್ಪತ್ರೆಗಳ ಆಯಾಗಳ ಪರಿಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವೇನಲ್ಲ.

ಇನ್ನೊಂದು ಕಹಿ ಸತ್ಯವನ್ನೂ ಒಪ್ಪಿಕೊಳ್ಳಬೇಕು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ನಮ್ಮದೇ ಜನ ವಾಸಿಸುವ ಬಡಾವಣೆಯೊಂದರಲ್ಲಿ ಕೊರೋನಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯ ಯತ್ನ ನಡೆಯಿತು. ಪೌರತ್ವ ಕಾಯ್ದೆಯ ಬೆನ್ನಿಗೆ ಹುಟ್ಟಿಕೊಂಡಿದ್ದ ಭಯ, ವದಂತಿ, ಟಿ.ವಿ. ಚಾನೆಲ್‌ಗಳ ದ್ವೇಷ ಪ್ರಚಾರ ಎಲ್ಲವೂ ಅದರ ಹಿನ್ನೆಲೆಯಲ್ಲಿದ್ದುವು ನಿಜ. ಆದರೆ ಆ ಮಹಿಳೆ ಸರಕಾರವಾಗಿರಲಿಲ್ಲ. ಸಂಬಳವೆಂಬ ಹೆಸರೂ ಇಲ್ಲದ, ಗೌರವಧನ ಮತ್ತು ಪ್ರೋತ್ಸಾಹಧನಕ್ಕೆ ದುಡಿಯುವ ಓರ್ವ ಬಡ ತಾಯಿಯಾಗಿದ್ದಳು. ನಮ್ಮ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ದವರೂ ನಮ್ಮ ಶಿಶುಗಳಿಗೆ ಲಸಿಕೆ ಹಾಕಿಸಿದವರೂ ಅವರೇ. 2025ರ ಜನವರಿಯಲ್ಲಿ ಮಾಸಿಕ 15 ಸಾವಿರ ರೂಪಾಯಿಗಾಗಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯ ರಾತ್ರಿಗಳನ್ನು ಕಳೆದಾಗ ನಮ್ಮ ಎಷ್ಟು ಸಂಘಟನೆಗಳು ಅವರನ್ನು ನೆನಪಿಸಿಕೊಂಡುವು? ವ್ಯವಸ್ಥೆಯ ಮೇಲಿನ ಸಿಟ್ಟನ್ನು ಅದರ ಕೊನೆಯ ಮೆಟ್ಟಿಲಲ್ಲಿ ನಿಂತವರ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ನಮ್ಮ ಮೇಲೆ ಮಾಡಲಾಗುತ್ತಿರುವುದೂ ಅದನ್ನೇ ಅಲ್ಲವೇ?

ಹಾಗಾದರೆ ಕೌಂಟರಿನ ಆಚೆ ನಿಂತಿರುವ ನಮ್ಮ ಮಕ್ಕಳಿಗೆ ನಾವು ಏನು ಹೇಳಬೇಕು? ಸೌಜನ್ಯವನ್ನು ಬಿಡಬೇಡಿ ಎಂದು ಖಂಡಿತ ಹೇಳಬೇಕು. ಸಹೋದರನ ಮುಂದೆ ನಗುವುದನ್ನು ಇಸ್ಲಾಮ್ ದಾನವೆಂದು ಪರಿಗಣಿಸಿದೆ. ಆದರೆ ದಾನವನ್ನು ಯಾರೂ ಕುತ್ತಿಗೆ ಹಿಡಿದು ಕಸಿದುಕೊಳ್ಳಲಾಗದು. ಕಸಿದುಕೊಂಡರೆ ಅದು ದಾನವಾಗಿ ಉಳಿಯುವುದೂ ಇಲ್ಲ. ಆದ್ದರಿಂದ ಎರಡನೆಯ ಮಾತನ್ನೂ ಹೇಳಬೇಕು: ನೋವಾದರೆ ನೋವಾಯಿತೆಂದು ಹೇಳುವುದು ಈಮಾನ್‌ನ ಕೊರತೆಯಲ್ಲ. ಸುಂದರ ಸಹನೆಯ ಮಾದರಿಯಾಗಿ ಕುರ್‌ಆನ್ ಪರಿಚಯಿಸುವ ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯ ದುಃಖದಲ್ಲಿ ದೃಷ್ಟಿಯನ್ನೇ ಕಳೆದುಕೊಂಡರು. ಮನೆಯವರು ಆಕ್ಷೇಪಿಸಿದರು, ಆದರೆ ಅವರು ತನ್ನ ದುಃಖವನ್ನು ಅಲ್ಲಾಹನ ಮುಂದೆ ಇಡುವುದನ್ನು ನಿಲ್ಲಿಸಲಿಲ್ಲ. ಪ್ರವಾದಿ(ಸ) ತನ್ನ ಪುಟ್ಟ ಮಗ ಇಬ್ರಾಹೀಮರ ಮರಣದ ವೇಳೆ ಅತ್ತರು. ಅಚ್ಚರಿಯಿಂದ ಪ್ರಶ್ನಿಸಿದ ಅನುಚರರಿಗೆ, ಅದು ಕಾರುಣ್ಯವೆಂದು ಉತ್ತರಿಸಿದರು. ಸಹನೆಯೆಂದರೆ ಭಾವನೆಗಳೇ ಇಲ್ಲದ ಕಲ್ಲಾಗುವುದೆಂದು ಅವರು ಕಲಿಸಲಿಲ್ಲ.

ಹಕ್ಕು ಕೇಳುವವನ ಧ್ವನಿ ಸ್ವಲ್ಪ ಏರಿದರೆ ಅದನ್ನು ಅಹಂಕಾರವೆಂದು ಬಗೆಯುವ ರೋಗವೂ ನಮ್ಮಲ್ಲಿದೆ. ಪ್ರವಾದಿ(ಸ)ರಿಗೆ ಒಂಟೆಯೊಂದನ್ನು ಸಾಲವಾಗಿ ನೀಡಿದ್ದ ವ್ಯಕ್ತಿಯೊಬ್ಬ ಬಂದು ಒರಟಾಗಿ ಅದನ್ನು ಮರಳಿ ಕೇಳಿದ. ಅನುಚರರು ಅವನ ಮೇಲೆ ಎರಗಲು ಮುಂದಾದರು. ಪ್ರವಾದಿ(ಸ) ಅವರನ್ನು ತಡೆದರು. ಹಕ್ಕು ಇರುವವನಿಗೆ ಮಾತಾಡುವ ಅಧಿಕಾರವೂ ಇದೆ ಎಂದು ತಿಳಿಸಿ, ಅವನ ಒಂಟೆಗಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು. ಬಾಕಿ ಸಂಬಳ ಕೇಳಲು ಬರುವ ನೌಕರನ ಸ್ವರವನ್ನು ಅಳೆಯುವ ಮೊದಲು ನಾವು ಈ ಘಟನೆಯನ್ನು ನೆನಪಿಸಿಕೊಳ್ಳಬೇಕು.

ಮನಸ್ಸು ತೀರಾ ಕುಗ್ಗಿದರೆ ವೈದ್ಯರ ಬಳಿ ಹೋಗುವುದಕ್ಕೆ ನಾಚಿಕೆ ಬೇಕಿಲ್ಲ. ಅದನ್ನು ಜಿನ್ನ್ ಅಥವಾ ಕಣ್ಣುದೃಷ್ಟಿಯ ಲೆಕ್ಕಕ್ಕೆ ಹಾಕಿ ತಾಯತದ ಹಿಂದೆ ಅಲೆಯುವುದೂ ಬೇಕಿಲ್ಲ. ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಉಚಿತವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಕ. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆದು ಹಾಕುವುದಕ್ಕೆ ಖರ್ಚೇನೂ ಇಲ್ಲ.

ನಮ್ಮ ವ್ಯಾಪಾರಿಗಳು ಮುಂದಿನ ರಮಝಾನ್‌ಗೆ ಕಾಯದೆ ನಾಲ್ಕು ನಿರ್ಧಾರಗಳನ್ನು ಕೈಗೊಳ್ಳಬಹುದು. ಕೌಂಟರಿನ ಹಿಂದೆ ಪ್ರತಿ ನೌಕರರಿಗೊಂದು ಸ್ಟೂಲ್ ಇಡುವುದು. ಇಫ್ತಾರ್‌ಗೆ ಕುಳಿತು ಉಣ್ಣುವಷ್ಟು ಬಿಡುವು ಕೊಡುವುದು. ನೌಕರರ ತಪ್ಪನ್ನು ಗಿರಾಕಿಗಳೆದುರು ಹೇಳದೆ ಏಕಾಂತದಲ್ಲಿ ತಿದ್ದುವುದು. ಗಿರಾಕಿ ನಿಂದಿಸಿದರೆ ನೌಕರರ ಪಕ್ಕದಲ್ಲಿ ನಿಲ್ಲುವುದು. ಮಸೀದಿ ಸಮಿತಿಗಳು ಇಮಾಮರ ಬಗ್ಗೆ ದೂರು ಹೇಳುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ಕೊಟ್ಟು, ಸಂಬಳದ ದಿನಾಂಕವನ್ನು ನಿಗದಿಪಡಿಸಬಹುದು. ಇನ್ನು ಮನೆಯವರು, ದುಡಿದು ಬಂದ ಮಗ ಅಥವಾ ಮಗಳನ್ನು ಬಾಗಿಲಲ್ಲೇ ಲೆಕ್ಕ ಕೇಳದೆ, ಅರ್ಧ ಗಂಟೆಯಾದರೂ ನಗಬೇಕಾದ ಅಗತ್ಯವಿಲ್ಲದ ಮುಖದೊಂದಿಗೆ ಕುಳಿತುಕೊಳ್ಳಲು ಬಿಡಬಹುದು.

ನಿಜವಾದ ದಿವಾಳಿ ಯಾರೆಂದು ಪ್ರವಾದಿ(ಸ) ಒಮ್ಮೆ ಅನುಚರರನ್ನು ಕೇಳಿದರು. ಹಣವಿಲ್ಲದವನೆಂದು ಅವರು ಉತ್ತರಿಸಿದರು. ಅಲ್ಲ, ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಪರಲೋಕಕ್ಕೆ ಬಂದು, ಇಹಲೋಕದಲ್ಲಿ ಇನ್ನೊಬ್ಬರನ್ನು ನಿಂದಿಸಿದ, ಹಿಂಸಿಸಿದ ಕಾರಣಕ್ಕೆ ಆ ಪುಣ್ಯಗಳನ್ನೆಲ್ಲ ಅವರಿಗೆ ಪರಿಹಾರವಾಗಿ ಕೊಟ್ಟು ಬರಿಗೈಯಾಗುವವನೇ ದಿವಾಳಿ ಎಂದು ಅವರು ತಿಳಿಸಿದರು. ರಮಝಾನ್‌ನ ರಾತ್ರಿ ಜವುಳಿ ಮಳಿಗೆಯಿಂದ ಹೊರಬರುವಾಗ ನಮ್ಮ ಎರಡೂ ಕೈಗಳಲ್ಲಿ ತುಂಬಿದ ಚೀಲಗಳಿರುತ್ತವೆ. ಮೂವತ್ತು ಉಪವಾಸಗಳಲ್ಲಿ ಎಷ್ಟನ್ನು ಆ ಕೌಂಟರಿನ ಮೇಲೆ ಬಿಟ್ಟು ಬಂದಿದ್ದೇವೆಂದು ಅಂದೇ ರಾತ್ರಿ ಲೆಕ್ಕ ಹಾಕಿಕೊಂಡರೆ ಒಳ್ಳೆಯದು.